ಮುಗಿಲು, ಹೊನಲು, ಕಡಲು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮನಿಗೆ,

ನನ್ನ ತ್ರಿವಳಿ ಹೆಣ್ಣುಮಕ್ಕಳು ಮೂವರೂ ಒಟ್ಟಿಗೆ ನಿದ್ದೆ ಮಾಡುವುದು ಅಪರೂಪ. ಅದಕ್ಕೇ ಕ್ಷೇಮ ಸಮಾಚಾರವನ್ನೆಲ್ಲ ಬದಿಗಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಪತ್ರ ತಲುಪಿತು. ಓದಿ ಮೈಯೆಲ್ಲ ಉರಿಯಿತು.

ಇಬ್ಬರಿಗೆ ಮಾತ್ರ ನಾನು ಹೆಸರಿಡಬೇಕಂತೆ. ಮೂರನೆಯವಳನ್ನು ನನ್ನ ಗಂಡನ ಅಕ್ಕನಿಗೆ ಕೊಟ್ಟು, ಹೆಸರನ್ನೂ ಅವರಿಗೇ ಬಿಡಬೇಕಂತೆ. ಕೊಟ್ಟರೆ ನನಗೂ ಹಗುರವಾಗುತ್ತದಂತೆ. ಅತ್ತಿಗೆಗೆ ಮಕ್ಕಳಿಲ್ಲ, ನಿಜ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಹಾಗೆಂದು ನನ್ನ ಮಗು ಪಕ್ಕದ ಮನೆಗೆ ಕೊಡುವ ಒಂದು ಲೋಟ ಸಕ್ಕರೆಯಲ್ಲ.

ಮೊನ್ನೆ ಅವರೂ ಬಂದಿದ್ದರು. ತೊಟ್ಟಿಲ ಬಳಿ ನಿಂತು, ಚಿಕ್ಕದನ್ನ ನಾನೇ ಸಾಕ್ತೀನಿ ಕಣೇ, ನೀನೊಬ್ಬಳೇ ಎಷ್ಟೂಂತ ಒದ್ದಾಡ್ತೀಯ ಎಂದರು. ಒದ್ದಾಡುವುದು ನನಗೆ ಬರುತ್ತದೆ ಎಂದೆ. ನನ್ನ ಗಂಡ ಕೆಮ್ಮಿದ. ಅಕ್ಕನ ಮುಂದೆ ಅವನು ಮಾಡುವ ಪ್ರತಿಭಟನೆ ಅಷ್ಟೇ.

ಹೆಸರಿಗೆ ಸಲಹೆಗಳೇನೂ ಕಡಿಮೆಯಿರಲಿಲ್ಲ. ಪಕ್ಕದ ಮನೆಯ ಕಂಪೌಂಡರ್ ಹೇಳಿದ ಹೆಸರುಗಳು ಎಷ್ಟು ಒಂದೇ ಥರ ಎಂದರೆ, ಒಬ್ಬಳನ್ನು ಕೂಗಿದರೆ ಮೂವರೂ ಓಡಿಬರುತ್ತಾರೆ. ಬಾಣಂತನಕ್ಕೆ ಬಂದಿರುವ ಅಮ್ಮ ಆರಿಸಿದವು ಮೂರು ಬೇರೆ ಬೇರೆ ಮನೆಯ ಹೆಸರುಗಳಂತಿದ್ದವು. ಕೇಳಿದ ಕೂಡಲೇ ಒಂದೇ ಮನೆಯ ಮಕ್ಕಳು ಎಂದು ತಿಳಿಯಬೇಕು, ಕರೆದರೆ ಒಬ್ಬಳೇ ತಿರುಗಬೇಕು. ನನ್ನ ಹಟ ಅದು.

ಬಣ್ಣದ ಅಂಗಡಿಯಲ್ಲಿ ಇಷ್ಟು ವರ್ಷ ಬಣ್ಣ ಕಲಸಿದವಳು ನಾನು. ಒಂದು ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲಕ್ಕೆ ಕಲಸಿಡುತ್ತೇವೆ. ಅದರಲ್ಲಿ ಒಂದು ಡಬ್ಬ ಬೇರೆಯವರಿಗೆ ಕೊಟ್ಟು ಆಮೇಲೆ ಮತ್ತೆ ಕಲಸಿದರೆ, ಎಷ್ಟು ತಿಣುಕಾಡಿದರೂ ಗೋಡೆಯ ಮೇಲೆ ವ್ಯತ್ಯಾಸ ಕಂಡೇ ಕಾಣುತ್ತದೆ. ಹೆಸರುಗಳನ್ನೂ ಹಾಗೇ ಒಟ್ಟಿಗೆ ಕಲಸಿದೆ. ಮುಗಿಲು, ಹೊನಲು, ಕಡಲು. ಮುಗಿಲು ಸುರಿದರೆ ಹೊನಲು, ಹೊನಲು ಹೋಗಿ ಸೇರುವುದು ಕಡಲು, ಕಡಲಿನಿಂದ ಮತ್ತೆ ಮುಗಿಲು. ಯಾವುದನ್ನಾದರೂ ತೆಗೆದು ನೋಡು, ಇನ್ನೊಬ್ಬಳೆಲ್ಲಿ ಎಂದು ಉಳಿದೆರಡು ಕೇಳುತ್ತವೆ. ಅಂಗೈಯಷ್ಟಿರುವ ಚಿಕ್ಕವಳಿಗೇ ಬೇಕೆಂದು ಕಡಲು ಎಂದಿಟ್ಟೆ. ನಿನ್ನೆ ಗಂಡನ ಜೊತೆ ಜನನ ನೋಂದಣಿ ಕಚೇರಿಗೆ ಹೋಗಿ ಮೂರನ್ನೂ ಬರೆಸಿಯೂ ಆಯಿತು. ಗುಮಾಸ್ತರು ಕನ್ನಡಕ ಸರಿಸಿ ನಮ್ಮನ್ನೇ ನೋಡಿದರು. ನೋಡಲಿ.

ಅತ್ತಿಗೆ ಬರಲಿ, ಎತ್ತಿ ಆಡಿಸಲಿ, ಬಾಗಿಲು ತೆರೆದೇ ಇರುತ್ತದೆ. ಆದರೆ ಮೂವರೂ ಬೆಳೆಯುವುದು ಈ ಮನೆಯಲ್ಲೇ. ಇನ್ನು ಮೇಲೆ ಅವರ ಪರವಾಗಿ ನನ್ನ ಹತ್ತಿರ ರಾಯಭಾರ ತರಬೇಡ.

ಇಂತಿ,
ನಿನ್ನ ಮಗಳು

ತಾ.ಕ.: ಸಹಿ ನೋಡಿ ಬೆಚ್ಚಿಬೀಳಬೇಡ. ನಿನ್ನ ಮಗನ ಹೆಸರಿನಲ್ಲಿ ಬೆಳಗು ಇದೆ, ಮಗಳ ಹೆಸರಿನಲ್ಲಿ ಇರುಳು ಇದೆ. ನಡುವಿನ ಸಂಜೆ ನನ್ನ ಹೆಸರಿನಲ್ಲಿದೆ. ಇದು ಹೊಳೆದದ್ದು ಮಕ್ಕಳಿಗೆ ಹೆಸರು ಹೊಂದಿಸಲು ಕುಳಿತಾಗ. ಅಮ್ಮನನ್ನು ಕೇಳಿದೆ. ನಿನ್ನನ್ನು ಹೆತ್ತವಳು ನನ್ನ ತಂಗಿ, ಹೆಸರಿಟ್ಟೇ ನನ್ನ ಮಡಿಲಿಗೆ ಹಾಕಿದಳು ಎಂದು ಅತ್ತಳು. ಸಾಕಿದವಳು ನನಗೆ ಏನೂ ಕಡಿಮೆ ಮಾಡಿಲ್ಲ, ನನ್ನಮ್ಮ ಅವಳೇ. ಆದರೆ ನನ್ನನ್ನು ಕೊಟ್ಟ ಮೇಲೆ ಹುಟ್ಟಿದವಳಿಗೂ ನೀನು ಇರುಳಿನ ಹೆಸರಿಟ್ಟೆ, ಸಾಲಿನಲ್ಲಿ ನನ್ನ ಜಾಗ ಹಾಗೇ ಬಿಟ್ಟೆ. ಕೊಟ್ಟರೆ ಹಗುರವಾಗುತ್ತದೆ ಎಂದು ಬರೆದಿದ್ದೀಯ. ನಿನಗೆ ಆಯಿತೇ, ಚಿಕ್ಕಮ್ಮ?