ಅವ್ವನ ಬಣ್ಣ ಹಿಡಿದ ಕ್ಯಾಮೆರಾ

ಮೊಗುಡಂಪಲ್ಲಿ
೯-೧೦-೨೦೧೧

ನನ್ನ ಅಕ್ಕನಿಗೆ ಶಿಲ್ಪಾಳ ಜೈ ಭೀಮ್.

ಗೆದ್ದೆ ನೋಡಕ್ಕಾ! ಅವ್ವನ ಫೋಟೋ ಬಂತು, ಅವ್ವನ ಹಾಗೆಯೇ ಬಂತು. ಲಕೋಟೆಯಲ್ಲಿದೆ. ಮೊದಲು ಅದನ್ನು ನೋಡಿ ಆಮೇಲೆ ಇದನ್ನು ಓದು.

ನಿನ್ನ ಮದುವೆಯಲ್ಲಿ ಸ್ಟುಡಿಯೋದವನು ಅವ್ವನಿಗೆ, "ನೀವು ಹಿಂದ ಸರೀರಿ, ಬಿಳಿ ಸೀರ್ಯಾಗ ನಿಮ್ಮ ಮಾರಿ ಬರಂಗಿಲ್ಲ" ಅಂದದ್ದು ಆ ಗದ್ದಲದಲ್ಲಿ ನಿನಗೆ ಕೇಳಿಸಿರಲಿಕ್ಕಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಅಂದಿನಿಂದ ಅವ್ವ ಯಾವ ಕ್ಯಾಮೆರಾದ ಮುಂದೆಯೂ ನಿಂತಿಲ್ಲ. ಈ ವಿಜಯದಶಮಿಗೆ ಒಂದೇ ಸಲ ನಿಲ್ಲುತ್ತೇನೆ, ಕೆಟ್ಟರೆ ಮತ್ತೆಂದೂ ಕೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ತೆಲಂಗಾಣ ರಾಜ್ಯಕ್ಕಾಗಿ ಎಲ್ಲರೂ ಹೂಡಿರುವ ಮುಷ್ಕರ, ಸಕಲ ಜನುಲ ಸಮ್ಮೆಯಿಂದಾಗಿ ನಮ್ಮ ಶಾಲೆಯೂ ಬಂದ್, ಬಸ್ಸೂ ಬಂದ್. ಕ್ಯಾಮೆರಾ ಕೊಳ್ಳಲು ಹೈದರಾಬಾದಿಗೆ ಹೋಗುವ ಮಾತೇ ಇಲ್ಲ. ಬೆಳಿಗ್ಗೆ ಉಳಿದ ಟೀಚರುಗಳ ಜೊತೆ ಧರಣಿಯ ಟೆಂಟಿನಲ್ಲಿ ಕೂತು ಜೈ ತೆಲಂಗಾಣ ಕೂಗಿದವಳು, ಮಧ್ಯಾಹ್ನ ಟಂಟಂ ಆಟೋ ಹತ್ತಿ ಕರ್ನಾಟಕಕ್ಕೆ ಹೋಗಿ ಬೀದರಿನ ಕ್ಯಾಮೆರಾ ಅಂಗಡಿಯಲ್ಲಿ ನಿಂತೆ. ಚೀಲದಲ್ಲಿ ಅವ್ವನ ಬಿಳಿ ಸೀರೆ.

ಅಂಗಡಿಯ ಆತ್ಮಾರಾಮರು ಮೆಗಾಪಿಕ್ಸೆಲ್ಲಿನ ಪಾರಾಯಣ ಶುರು ಮಾಡಿದರು. ನಾನು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹೊರಗೆ ನಿಂತೆ, ಒಂದೊಂದರಲ್ಲೂ ನನ್ನ ಫೋಟೋ ತೆಗೆಯಿರಿ ಅಂದೆ. "ಮೇಡಂ, ಕ್ಯಾಮೆರಾ ಒಯ್ಯಾಕ ಬಂದೀರೋ, ಸೀರಿ ಮಾರಾಕ ಬಂದೀರೋ?" ಎಂದು ನಕ್ಕರು. ನಕ್ಕರೂ ತೆಗೆದರು. ಮೊದಲನೆಯದರಲ್ಲಿ ಸೀರೆ ಬಂತು, ನಾನು ಇದ್ದಿಲಾಗಿದ್ದೆ. ದುಬಾರಿಯದರಲ್ಲೂ ಅದೇ ಕಥೆ! ಬಿಳುಪು ಹೆಚ್ಚಿದ್ದರೆ ಕ್ಯಾಮೆರಾ ತಾನಾಗಿಯೇ ಬೆಳಕು ಕಡಿಮೆ ಮಾಡಿಬಿಡುತ್ತದೆ, ನೆರಳಿಗೆ ಬಂದು ಈ ಗುಂಡಿಯಿಂದ ಬೆಳಕು ಏರಿಸಿಕೊಳ್ಳಬೇಕು ಎಂದು ಆಗ ಅವರೇ ತೋರಿಸಿಕೊಟ್ಟರು. ಆ ಗುಂಡಿ ನನ್ನ ಬೆರಳಿಗೆ ಸಲೀಸಾಗಿ ಸಿಕ್ಕಿದ್ದು ನಡುವಿನ ಬೆಲೆಯದರಲ್ಲಿ. ದುಬಾರಿಯದನ್ನು ಹಿಡಿದರೆ ಕೈ ಸೋಲುತ್ತಿತ್ತು. ನನ್ನಂಥ ಹೊಸಬಳಿಗೆ ಜೊತೆಗೆ ಬರುವ ಲೆನ್ಸೇ ಸಾಕು ಎಂದು ನಡುವಿನದನ್ನೇ ತಂದೆ.

ವಿಜಯದಶಮಿಯಂದು ಬುದ್ಧ ವಿಹಾರದ ಮುಂದೆ ಸುಡುಬಿಸಿಲು, ಧಮ್ಮದೀಕ್ಷೆಯ ದಿನವೆಂದು ಎಲ್ಲರದೂ ಬಿಳಿ ಸೀರೆ. ಅವ್ವನನ್ನು ಬೇವಿನ ನೆರಳಿಗೆ ಕರೆದೆ. ಬೆಳಕು ಏರಿಸಿ ಒತ್ತಿಯೇಬಿಟ್ಟೆ. ಅವ್ವ ಪರದೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. "ಇದು ನಾನೇ ಅದೀನಿ. ಗದ್ದದ ಹಚ್ಚಿ ಭೀ ಬಂದದ ನೋಡು" ಅಂದಳು. ಓಣಿಯ ಹೆಂಗಸರನ್ನೆಲ್ಲ ಕೂಗಿ ತೋರಿಸಿದಳು. ಒಂದೇ ಸಲ ಅಂದವಳು ಹನ್ನೊಂದು ಸಲ ನಿಂತಳು, ಅಕ್ಕಾ! ಖುಷಿಗೆ ನಾನು ಅಲ್ಲೇ ಅತ್ತುಬಿಟ್ಟೆ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ನಿನ್ನ ತಂಗಿ,
ಶಿಲ್ಪಾರಾಣಿ

ತಾ.ಕ.: ಗಂಡಿನ ಕಡೆಯವರಿಗೆ ತೋರಿಸಲು ನೀನು ಒಯ್ದಿರುವ ನನ್ನ ಫೋಟೋ ಇದೆಯಲ್ಲ, ಅದನ್ನು ಸ್ಟುಡಿಯೋದಲ್ಲಿ ಬೆಳ್ಳಗೆ ಮಾಡಿಸಿದವಳು ನಾನೇ. ಅದನ್ನು ವಾಪಸ್ ತೆಗೆದುಕೋ. ಲಕೋಟೆಯಲ್ಲಿರುವ ಎರಡನೆಯದನ್ನು ಕೊಡು, ಅದನ್ನು ತೆಗೆದವಳು ಅವ್ವ. ತಲೆ ಸ್ವಲ್ಪ ಕತ್ತರಿಸಿಹೋಗಿದೆ, ಬಣ್ಣ ಮಾತ್ರ ನನ್ನದೇ.