ಬಾಗಿಲ ಮೇಲಿನ ನಾಲ್ಕನೇ ಹೆಸರು

ಮಾರ್ಚ್ 3, ಸಂಜೆ

ದೇಣಿಗೆಯ ಹೊಸ ಪಟ್ಟಿ ಪ್ರಿಂಟ್ ತೆಗೆದು ನನ್ನ ಜೆರಾಕ್ಸ್ ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದೆ. ಯಾರು ಕೊಟ್ಟರು, ಎಷ್ಟು — ಕೊಟ್ಟ ದಿನದ ಪ್ರಕಾರ, ಸಾಲಾಗಿ. ವಾರ್ಡ್ ಚುನಾವಣೆಗೆ ನಿಂತವಳು ಅಕ್ಕ, ದುಡ್ಡಿನ ಉಸಾಬರಿ ನನ್ನ ತಲೆಗೆ. "ಒಂದು ಕಾಸು ಬಂದ್ರೂ ಬಾಗಿಲ ಮೇಲೆ ಕಾಣ್ಬೇಕು" ಅಂತ ಮೊದಲ ಸಭೆಯಲ್ಲೇ ಮಾತು ಕೊಟ್ಟುಬಿಟ್ಟಳು. ನರ್ಸ್ ಅಲ್ಲವೇ, ನಾವು ಬೇಡ ಅನ್ನುವಷ್ಟರಲ್ಲಿ ಚುಚ್ಚಿ ಆಗಿರುತ್ತದೆ.

ಪಟ್ಟಿ ಹಾಕಿದಾಗಲೆಲ್ಲ ಬಂದು ನೋಡುವ ಹೆಲ್ಮೆಟ್ಟಿನವನು ಇವತ್ತೂ ಬಂದ. ಹೆಲ್ಮೆಟ್ ತೆಗೆಯದೆ, ಬೆರಳಿಟ್ಟು ಓದಿದ. ಪಾಪ, ಒಬ್ಬನಾದರೂ ಲೆಕ್ಕ ನೋಡುತ್ತಾನೆ. ಗಾಜಿಗೆ ಬಿಸಿಲು ಹೊಡೆಯುತ್ತಿತ್ತು, ನಾನೇ ಅಡ್ಡ ನಿಂತು ನೆರಳು ಮಾಡಿಕೊಟ್ಟೆ.

ಮಾರ್ಚ್ 6

ಚಪ್ಪಲಿ ರಿಪೇರಿ ಅಣ್ಣನ ಡಬ್ಬಾ ಅಂಗಡಿ ಯಾರೋ ಮಗುಚಿ ಹಾಕಿದ್ದಾರೆ. ಕುಡುಕರಿರಬೇಕು.

ಮಾರ್ಚ್ 10, ಮಧ್ಯಾಹ್ನ

ಮೊನ್ನೆ ತರಕಾರಿ ಅಮ್ಮನ ಗಾಡಿ ಪುಡಿಪುಡಿ. ಇವತ್ತು ಇಸ್ತ್ರಿ ಮಾಮನಿಗೆ ಹೊಡೆದಿದ್ದಾರೆ. ಬಲಗೈ ಮುರಿದಿದೆ. "ಇನ್ನೂರು ಕೊಡೋಷ್ಟು ಕೊಬ್ಬಾ?" ಅಂದರಂತೆ.

ಇನ್ನೂರು... ಮಾಮ ಕೊಟ್ಟ ಆ ಅಂಕಿ ಬಾಗಿಲ ಮೇಲೆ ಬಿಟ್ಟರೆ ಎಲ್ಲೂ ಇಲ್ಲ.

ಓಡಿ ಹೋಗಿ ನೋಡಿದೆ. ಒಂದು — ಚಪ್ಪಲಿ ಅಣ್ಣ. ಎರಡು — ತರಕಾರಿ ಅಮ್ಮ. ಮೂರು — ಮಾಮ. ನಾಲ್ಕು — ಟೈಲರಮ್ಮ. ಗಂಡ ಊರಲ್ಲಿಲ್ಲ, ಕೈಯಲ್ಲಿ ಕೂಸು. ಪಟ್ಟಿ ಕಿತ್ತು ಹಾಕಿದೆ. ಆ ಹೆಲ್ಮೆಟ್ಟಿನವನಿಗೆ ನೆರಳು ಬೇರೆ ಹಿಡಿದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಮಾರ್ಚ್ 11

ಅಕ್ಕ ಸ್ಟೇಷನ್ನಿಗೆ ಹೋಗಿ ಬಂದಳು. ಸಾಕ್ಷಿ ತನ್ನಿ ಅಂದರಂತೆ. ಖಾಲಿ ಗಾಜು ನೋಡಿ ಕೆಂಡವಾದಳು. "ಹೆಸರು ಮುಚ್ಚಿಟ್ರೆ ನಮ್ಮೆದುರು ನಿಂತವ್ರಿಗೂ ನಮ್ಗೂ ಏನೇ ವ್ಯತ್ಯಾಸ?"

"ಮುರಿದಿದ್ದು ನಿನ್ನ ಕೈ ಅಲ್ವಲ್ಲ" ಅಂದೆ. ಅನ್ನಬಾರದಿತ್ತು. ಬ್ಯಾಗ್ ಎತ್ತಿಕೊಂಡು ಡ್ಯೂಟಿಗೆ ಹೋದಳು.

ಆಮೇಲೆ ಮಾಮ ಬಂದರು, ಕೈಗೆ ಪ್ಲಾಸ್ಟರು.

"ನನ್ ಹೆಸರೆಲ್ಲಮ್ಮ?"

"ನಿಮ್ಮ ಒಳ್ಳೇದಕ್ಕೇ ಮಾಮ..."

"ಏಟು ತಿಂದೋನು ನಾನು. ತೆಗೆಯೋಕೆ ನೀನ್ಯಾರಮ್ಮ? ನಾನು ಹೆದ್ರಿ ದುಡ್ಡು ವಾಪಸ್ ಇಸ್ಕೊಂಡೆ ಅಂತ ಆಡ್ಕೊಳ್ಳಲ್ವಾ ಜನ?"

ಮಾರ್ಚ್ 12, ಬೆಳಗ್ಗೆ

ಪಟ್ಟಿ ಮತ್ತೆ ಹಾಕಿದೆ. ಒಂದೇ ಬದಲಾವಣೆ. ನಾನು ದುಡ್ಡು ಹಾಕಿದ್ದು ಎಲ್ಲರಿಗಿಂತ ಕೊನೆಗೆ. ದಿನಾಂಕ ತಿದ್ದಿ ನನ್ನ ಹೆಸರು ನಾಲ್ಕಕ್ಕೆ ತಂದೆ. ಟೈಲರಮ್ಮ ಐದು. ಕೂಸನ್ನು ಕರೆದುಕೊಂಡು ತವರಿಗೆ ಹೋಗಿ ಅಂತ ಅವರಿಗೆ ಫೋನ್ ಮಾಡಿದೆ, ಹೆದರಿಯಾರೆಂದು ಕಾರಣ ಹೇಳಲಿಲ್ಲ. ಅಕ್ಕನ ಲೆಕ್ಕದಲ್ಲಿ ಇದೊಂದೇ ಸುಳ್ಳು. ಗೊತ್ತಾದರೆ ನನ್ನ ಚರ್ಮ ಸುಲಿಯುತ್ತಾಳೆ.

ಧೈರ್ಯ ಗೀರ್ಯ ಏನಿಲ್ಲ. ಶಟರ್ ಸರಿಯಾಗಿ ಇಳಿಯುತ್ತದಾ ಅಂತ ಎರಡು ಸಲ ಎಳೆದು ನೋಡಿದೆ.

ಅದೇ ದಿನ, ಹನ್ನೊಂದು ಗಂಟೆ

ಶಟರ್ ಎಳೆದುಕೊಂಡು ಒಳಗಿದ್ದೇವೆ. ನಾನು, ಟೈಲರಮ್ಮ, ಕೂಸು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಬಸ್ಸಿಗೆ ಹೊರಟ ಟೈಲರಮ್ಮ ಹೇಳಿ ಹೋಗೋಣ ಅಂತ ಬಂದಿದ್ದರು. ಹೆಲ್ಮೆಟ್ಟಿನವನು ಪಟ್ಟಿಯ ಮುಂದೆಯೇ ನಿಂತಿದ್ದ. ಅವನ ಪಕ್ಕದಲ್ಲೇ ನಿಂತು ಓದಿದರು, ಜೋರಾಗಿ ಕೂಗಿದರು — "ಏನ್ರೀ ಇದು? ನಾಲ್ಕನೇದು ನಾನಲ್ವಾ? ನಿಮ್ಗಿಂತ ಮೊದ್ಲು ಕೊಟ್ಟಿದ್ದೀನಿ. ಲೆಕ್ಕ ಅಂದ್ರೆ ಲೆಕ್ಕ!"

ಅವನು ನಿಧಾನವಾಗಿ ಅವರ ಕಡೆ ತಿರುಗಿದ. ಆಮೇಲೆ ಕೂಸಿನ ಕಡೆ. ನಾನು ಇಬ್ಬರನ್ನೂ ಒಳಗೆ ಎಳೆದುಕೊಂಡೆ.

ಪೊಲೀಸರಿಗೆ ಫೋನ್ ಮಾಡಿದೆ, ಬರುತ್ತೇವೆ ಅಂದರು. ಅಕ್ಕ ಎತ್ತುತ್ತಿಲ್ಲ. ಶಟರ್ ಕೆಳಗಿನ ಸಂದಿಯಲ್ಲಿ ಕಾಲುಗಳು. ಎರಡಿದ್ದವು, ಈಗ ಆರು. ಶಟರ್ ಒದೆಯುತ್ತಿದ್ದಾರೆ. ಟೈಲರಮ್ಮ ಕೂಸಿನ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಾರೆ.

ಒದೆತ ನಿಂತಿತು. ಯಾರೋ ಮಾತಾಡುತ್ತಿದ್ದಾರೆ. ಅಯ್ಯೋ... ಮಾಮನ ದನಿ.

"ಮೂರನೇದು ನಂದು ಕಣೋ. ಇನ್ನೂ ಒಂದು ಕೈ ಇದೆ, ಬಾ."

ಮಾಮ ಒಬ್ಬರೇ ಬಂದಿದ್ದಾರೆ. ಅವರ ಜೊತೆ ಬೇರೆ ಯಾರ ದನಿಯೂ ಇಲ್ಲ. ಟೈಲರಮ್ಮ ನನ್ನ ಮುಖ ನೋಡುತ್ತಿದ್ದಾರೆ. ಶಟರ್ ಎತ್ತಲೇಬೇಕು. ಪೆನ್ನು ಇಡುತ್ತೇನೆ, ಎತ್ತುತ್ತೇನೆ.