ದಣಿದ ಅಚ್ಚು

ಯಜಮಾನರಿಗೆ,

ಹೋದ ಬೇಸಿಗೆಯಲ್ಲಿ ಖಾನಾಪುರಕ್ಕೆ ಜನರನ್ನು ಒಯ್ಯುವ ನಮ್ಮ ಮೋಟಾರಿನ ಹಿಂದಿನ ಗಾಲಿಗಳ ಅಚ್ಚನ್ನು ನೀವು ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು ಕುಳಿತದ್ದು ನೆನಪಾಗುತ್ತದೆ. "ದನಿ ಸತ್ತೈತಿ. ಕಬ್ಬಿಣಕ್ಕೂ ದಣಿವು ಇರತೈತಿ. ಇದನ್ನ ತಗೀಬೇಕು" ಅಂದಿರಿ. ಓಡುವ ಮೋಟಾರು ನಿಂತರೆ ಖಾಸಬಾಗದಲ್ಲಿ ನಮ್ಮ ಮಾತಿಗೆ ಏನು ಬೆಲೆ? ಡ್ರೈವರ್ ಬಸವಂತನ ಎದುರಿಗೇ ಅಂದುಬಿಟ್ಟೆ: "ಅಚ್ಚಿನ ದನಿ ಅಲ್ಲ, ನಿಮ್ಮ ಕಿವಿ ಸತ್ತಾವು." ಅವನು ನಕ್ಕ. ನೀವು ಸುತ್ತಿಗೆ ಕೆಳಗಿಟ್ಟಿರಿ. ಮತ್ತೆ ಯಾವ ಅಚ್ಚನ್ನೂ ಬಡಿಯಲಿಲ್ಲ. ಮಳೆಗಾಲದಲ್ಲಿ ಜ್ವರ ಬಂತು, ನೀವು ನನ್ನನ್ನು ಬಿಟ್ಟು ಹೋದಿರಿ.

ಮುರಿದ ಅಚ್ಚುಗಳನ್ನು ಗೋಡೆಗೆ ತೂಗುಹಾಕಿ, ಒಂದೊಂದಕ್ಕೂ ಚೀಟಿ ಕಟ್ಟುತ್ತಿದ್ದಿರಲ್ಲ: ಎಷ್ಟು ತಿಂಗಳು ಓಡಿತು, ಎಷ್ಟು ಜನರನ್ನು ಹೊತ್ತಿತು, ದೇಸೂರದ ಏರಿನಲ್ಲಿ ಮುರಿಯಿತೋ ವಡಗಾವಿಯ ತಿರುವಿನಲ್ಲೋ. "ಮೋಟಾರ ಯಾವ ದಾರಿಲೇ ಹೋಗಬೇಕಂತ ಇವೇ ಹೇಳತಾವು" ಅನ್ನುತ್ತಿದ್ದಿರಿ. ನಾನು ಒಂದು ಚೀಟಿಯನ್ನಾದರೂ ಓದಿದೆನೇ?

ಮೊನ್ನೆ ಖಂಡೇನವಮಿ, ಆಯುಧಪೂಜೆಯ ದಿನ. ನೀವು ಹೋಗಿ ವರ್ಷ ತುಂಬದೆ ಹಬ್ಬ ಬೇಡ ಎಂದರು ನೆಂಟರು. ಆದರೆ ಪೂಜೆ ಕಾಣದ ಮೋಟಾರನ್ನು ಯಾರು ಹತ್ತುತ್ತಾರೆ? ಬಸವಂತ ಅದೇ ಹಿಂದಿನ ಅಚ್ಚನ್ನು ಸೀಮೆಎಣ್ಣೆಯಿಂದ ತೊಳೆದು ಒಣಗಿಸಿ ಒರೆಸಿದ. ಆರತಿ ಈಗ ಸೊಸೆಯದು. ನನಗೆ ಉಳಿದದ್ದು ವಿಭೂತಿ. ಅಚ್ಚಿನ ಉದ್ದಕ್ಕೂ ಬೆಳ್ಳಗೆ ಬಳಿದೆ. ಸೊಸೆ ಆರತಿ ಎತ್ತುವಷ್ಟರಲ್ಲಿ ಠಣ್. ಸ್ವಲ್ಪ ತಡೆದು ಮತ್ತೆ ಠಣ್. ಕಿವಿಗೊಡಲು ನೀವು ಬಿಡುತ್ತಿದ್ದ ಅಷ್ಟೇ ಬಿಡುವು.

"ಯಾರೋ ಅದು?"

"ಯಾರೂ ಇಲ್ರೀ ಅವ್ವಾರ. ನನಗೂ ಕೇಳಸ್ತ್ರೀ" ಅಂದ ಬಸವಂತ. ನಿಮ್ಮ ಸುತ್ತಿಗೆ ಪೂಜೆಯ ಮಣೆಯ ಮೇಲೇ ಇತ್ತು. ಮೇಲಿಟ್ಟ ಚೆಂಡುಹೂವು ಸಹ ಅಲುಗಿರಲಿಲ್ಲ.

ಬಗ್ಗಿ ನೋಡಿದೆ. ಬಿಳಿ ವಿಭೂತಿಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ. ಬಿರುಕಿನೊಳಗೆ ಇಳಿದಿದ್ದ ಸೀಮೆಎಣ್ಣೆ ಹೊರಗೆ ಜಿನುಗುತ್ತಿತ್ತು. ಮತ್ತೊಮ್ಮೆ ಠಣ್ ಎಂದಿತು. ನನ್ನ ಕಣ್ಣೆದುರಿಗೇ ಗೆರೆ ಒಂದು ಬೆರಳು ಮುಂದೆ ಸರಿಯಿತು.

"ಎಣ್ಣಿ ಉಳಿದೈತ್ರಿ, ಒರಸತೀನಿ."

"ಮುಟ್ಟಬ್ಯಾಡ. ಅಚ್ಚು ತಗಿ."

ಸಂಜೆ ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಂದೇ ಏಟು ಹಾಕಿಸಿದೆ, ಎರಡು ತುಂಡಾಯಿತು. ಸೀಳಿನ ಮುಖವೆಲ್ಲ ಹಳೆಯ ಕಪ್ಪು. ನಡುವೆ ಅಡಿಕೆಯಷ್ಟು ಮಾತ್ರ ಬೆಳ್ಳಗಿನ ಕಬ್ಬಿಣ. ಇಷ್ಟು ದಿನ ಅಷ್ಟರ ಮೇಲೆ ಬಸುರಿಯರು, ಕೂಸುಗಳು, ಮುದುಕರು... ನಾನು ನಿಮ್ಮನ್ನು ಅಂದು ಹಾಗೆ...

ಮರುದಿನ ಬನ್ನಿಹಬ್ಬ. ಊರಿಗೆ ಹೊರಟ ಖಾನಾಪುರದ ಜನ ಗಂಟು ಹಿಡಿದು ಬಾಗಿಲಲ್ಲಿ ನಿಂತರು. ಪ್ರಯಾಣ ಹೊರಟವರೆದುರು ನಾನು ಬರಬಾರದೆಂದು ಸೊಸೆ ಕೈ ಹಿಡಿದಳು. ಬಿಡಿಸಿಕೊಂಡು ಹೊರಗೆ ಬಂದು, ಮೋಟಾರು ಇವತ್ತು ಹೊರಡುವುದಿಲ್ಲ ಅಂದೆ.

"ಹಬ್ಬದ ದಿನಾ ಮೋಟಾರ ನಿಲ್ಲಸ್ತಾರೇನ್ರಿ? ಬ್ಯಾಡ ಅಂದವರರ ಯಾರು?" ಎಂದು ಒಬ್ಬ ಕೂಗಿದ.

"ನಮ್ಮ ಯಜಮಾನರು ಅಂದಾರ" ಅಂದೆ.